ರಾತ್ರಿ ಇಳಿದು ಹಗಲು ಏರುತ್ತಿದ್ದ ಮುಳ್ಳು

ಆ ಟೆಂಪೊ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಅದರ ಡೀಸೆಲ್ ಮೀಟರಿನ ಮುಳ್ಳು ಸೊನ್ನೆಯಲ್ಲಿ ಬಿದ್ದುಕೊಂಡಿತ್ತು. ಡ್ರೈವರು ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರೆ ಒಮ್ಮೆ ಅರ್ಧಕ್ಕೆ ಹಾರಿ ಮತ್ತೆ ಬೀಳುತ್ತಿತ್ತು.

"ಎದ್ದೇಳಪ್ಪ ಅಂತ ಇದ್ನ ಕುಟ್ಟೀ ಕುಟ್ಟೀ ನನ್ನ ಉಗುರೇ ಸವೆದೋಯ್ತು ಕನಣ್ಣ" ಎಂದು ಅವನು ನಕ್ಕ. "ನಂಗೇನೂ ಮುಳ್ಳು ಬ್ಯಾಡ. ಟ್ಯಾಂಕ್ ತಟ್ಟುದ್ರ ಎಷ್ಟದ ಅಂತ ಗೊತ್ತಾಯ್ತದ. ಸಾವ್ಕಾರ್ರಿಗೆ ಬೇಕಂತ, ಅದ್ಕ ತಂದಿವ್ನಿ."

ತಟ್ಟಿಯೂ ತೋರಿಸಿದ. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಟ್ಯಾಂಕಿನ ಮೈಯನ್ನು ಮೇಲಿಂದ ಕೆಳಕ್ಕೆ ಬಡಿಯುತ್ತ ಬಂದ. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ದಪ್ ಎಂದಿತು. "ಇಲ್ಲೀಗಂಟ ಅದ" ಎಂದು ಅಲ್ಲಿಗೆ ಉಗುರಿನಿಂದ ಗೀರಿದ. ಹಲಸಿನ ಹಣ್ಣು ತಟ್ಟಿ ನೋಡುವವರ ಹಾಗೆ ಕಿವಿ ವಾರೆ ಮಾಡಿಕೊಂಡಿದ್ದ.

ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಗುಂಡ್ಲುಪೇಟೆ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಅಂಗಡಿ. ಡೈನಮೊ, ಸೆಲ್ಫು, ಹಾರ್ನು, ಲೈಟು, ಮೀಟರು, ಹೀಗೆ ಗಾಡಿಗಳ ಕರೆಂಟ್ ಕೆಲಸ ಮಾತ್ರ ಮಾಡುತ್ತಿದ್ದೆ. ಟೆಂಪೊ ನಮ್ಮ ಪೇಟೆಯ ಒಬ್ಬ ತರಕಾರಿ ಸಾವ್ಕಾರರದು. ಡ್ರೈವರು ಅದೇ ರಸ್ತೆಯಲ್ಲಿರುವ ಉಡಿಗಾಲ ಎಂಬ ಹಳ್ಳಿಯವನು. ಸಾವ್ಕಾರರ ಮಂಡಿಯ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ್ದರಿಂದ ರಾತ್ರಿ ಅದು ಉಡಿಗಾಲದಲ್ಲಿ ಅವನ ಮನೆಯ ಮುಂದೆ ಇರುತ್ತಿತ್ತು. ಬೆಳಿಗ್ಗೆ ಖಾಲಿ ಕ್ರೇಟುಗಳಿಗಾಗಿ ಮಂಡಿಗೆ ಬಂದು, ಅಲ್ಲಿಂದ ಭೀಮನಬೀಡು ಕಡೆಯ ಹಳ್ಳಿಗಳಲ್ಲಿ ಟೊಮೆಟೊ, ಕೋಸು ತುಂಬಿಕೊಂಡು ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಇಳಿಸುತ್ತಿತ್ತು. ಸಂಜೆ ಲೆಕ್ಕ ಒಪ್ಪಿಸಲು ಮತ್ತೆ ಮಂಡಿಗೆ. ಸಾವ್ಕಾರರು ಮುಳ್ಳನ್ನು ನೋಡುತ್ತಿದ್ದದ್ದು ಈ ಎರಡು ಹೊತ್ತಿನಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಡೀಸೆಲ್ ಮೀಟರಿನ ಕೆಲಸ ಕಷ್ಟದ್ದಲ್ಲ. ಟ್ಯಾಂಕಿನೊಳಗೆ ಒಂದು ಸರಳಿನ ತುದಿಗೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಟೊಳ್ಳು ಹಿತ್ತಾಳೆ ಬುಂಡೆ ಇರುತ್ತದೆ. ಅದಕ್ಕೆ ನಾವು ಫ್ಲೋಟ್ ಎನ್ನುತ್ತೇವೆ. ಡೀಸೆಲ್ ಏರಿದರೆ ಅದು ತೇಲಿ ಏರುತ್ತದೆ. ಸರಳಿನ ಇನ್ನೊಂದು ತುದಿ ಕೂದಲಿನಂಥ ತಂತಿ ಸುತ್ತಿದ ಪಟ್ಟಿಯ ಮೇಲೆ ಉಜ್ಜುತ್ತ ಸರಿಯುತ್ತದೆ. ಅದು ನಿಂತ ಜಾಗದ ಮೇಲೆ ಕರೆಂಟು ಹೆಚ್ಚು ಕಡಿಮೆಯಾಗಿ ಡ್ರೈವರನ ಎದುರಿನ ಮುಳ್ಳು ಆಡುತ್ತದೆ. ಇಷ್ಟೂ ಸೇರಿ ಟ್ಯಾಂಕ್ ಯೂನಿಟ್. ಡೀಸೆಲ್ ಎಷ್ಟಿದೆ ಎಂದು ಮುಳ್ಳಿಗೆ ಗೊತ್ತಿಲ್ಲ, ಫ್ಲೋಟ್ ಎಲ್ಲಿದೆ ಎಂಬುದಷ್ಟೇ ಗೊತ್ತು.

ಮೊದಲು ನಾನು ಅರ್ಥ್ ವೈರಿನ ಮೇಲೆ ಅನುಮಾನಪಟ್ಟೆ. ಹಳೆಯ ಗಾಡಿಗಳಲ್ಲಿ ಟ್ಯಾಂಕಿಗೂ ಚಾಸಿಗೂ ನಡುವೆ ತುಕ್ಕು ಕೂತು ಕರೆಂಟು ಸರಿಯಾಗಿ ವಾಪಸು ಹರಿಯುವುದಿಲ್ಲ. ತುಕ್ಕು ಕೆರೆದು ಹೊಸ ವೈರು ಎಳೆದೆ. ಮುಳ್ಳು ಎದ್ದು ನಿಂತಿತು. ಆ ವಾರ ಕಳೆಯುವುದರೊಳಗೆ ಮತ್ತೆ ಬಿತ್ತು. ಹಾಗಾದರೆ ಟ್ಯಾಂಕ್ ಇಳಿಸಲೇಬೇಕು.

ಟ್ಯಾಂಕ್ ಇಳಿಸುವುದು ದೊಡ್ಡ ರಗಳೆಯಾಯಿತು. ಅದನ್ನು ಹಿಡಿದ ಎರಡು ಪಟ್ಟಿಗಳ ನಟ್ಟುಗಳು ತುಕ್ಕಿನಲ್ಲಿ ಒಂದಾಗಿದ್ದವು. ಸೀಮೆಎಣ್ಣೆ ಬಿಟ್ಟು ನೆನೆಸಿದರೂ ಒಂದನ್ನು ಕೊನೆಗೆ ಉಳಿಯಿಂದ ಕಡಿಯಬೇಕಾಯಿತು. ಹಿಂದೆ ಎಂದೋ ಕಲ್ಲಿಗೆ ಹೊಡೆದು ಟ್ಯಾಂಕಿನ ಹೊಟ್ಟೆ ಒಳಕ್ಕೆ ಹೋಗಿತ್ತು. ಅಲ್ಲಿ ಯಾರೋ ಗ್ಯಾಸ್ ವೆಲ್ಡಿಂಗ್ ತೇಪೆ ಹಾಕಿ, ಡೀಸೆಲ್ ಬಸಿಯುವ ಅಡಿಯ ಬೋಲ್ಟನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು. ಯೂನಿಟ್ಟಿನ ಸ್ಕ್ರೂಗಳಲ್ಲಿ ಒಂದು ತಲೆ ಮುರಿಯಿತು. ಹೊರಗೆ ತೆಗೆದಾಗ ಎರಡು ದೋಷ ಕಂಡವು. ತಂತಿಯ ಪಟ್ಟಿ ನಡುವೆ ಸವೆದು ಎರಡೆಳೆ ಕಿತ್ತಿತ್ತು. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕುಲುಕುಲು ಎಂದಿತು. ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ತೂತಾಗಿ ಡೀಸೆಲ್ ಕುಡಿದಿತ್ತು.

ಇಂಥದಕ್ಕೆ ಹೊಸ ಯೂನಿಟ್ ಹಾಕುವುದೇ ಸರಿ. ಮೈಸೂರಿಗೆ ಹೋದೆ. ಅಂಗಡಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಈ ಮಾಡೆಲ್ ಈಗ ಬರುವುದಿಲ್ಲ, ಕೊಯಮತ್ತೂರಿನಿಂದ ತರಿಸಬೇಕು, ತಡವಾಗುತ್ತದೆ ಎಂದ. ಬರಿಗೈಯಲ್ಲಿ ವಾಪಸು ಬಂದಾಗ ಸಾವ್ಕಾರರು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು.

"ಮೇಸ್ತ್ರಿ, ಭೀಮನಬೀಡಲ್ಲಿ ಟೊಮೆಟೊ ಕುಯ್ದು ಕೂತವ್ರೆ. ಸಂಜೆಗೆ ಗಾಡಿ ಬೇಕೇ ಬೇಕು. ಒಸ ಸಾಮಾನು ಸಿಕ್ತ?"

"ಸಿಕ್ತು" ಎಂದೆ.

ಈ ಒಂದು ಮಾತಿನಿಂದಲೇ ಮುಂದಿನದೆಲ್ಲ ಹುಟ್ಟಿತು. ಅದನ್ನು ಯಾಕೆ ಹೇಳಿದೆ ಎಂದರೆ ದೊಡ್ಡ ಕಾರಣವೇನೂ ಇಲ್ಲ. ಇಲ್ಲ ಎಂದರೆ ಗಾಡಿ ಬೇರೆ ಅಂಗಡಿಗೆ ಹೋಗುತ್ತದೆ ಎಂದುಕೊಂಡೆ. ಹಳೆಯದನ್ನೇ ರಿಪೇರಿ ಮಾಡಿ ಈಗ ಹಾಕಿ, ಕೊಯಮತ್ತೂರಿನದು ಬಂದಾಗ ಸದ್ದಿಲ್ಲದೆ ಬದಲಿಸಿದರಾಯಿತು ಎಂದು ಮನಸ್ಸಿನಲ್ಲೇ ಸಮಜಾಯಿಷಿ ಕೊಟ್ಟುಕೊಂಡೆ.

ತಂತಿಯ ಸವೆದ ಜಾಗವನ್ನು ತಪ್ಪಿಸಿ ಉಜ್ಜುವ ಹಾಗೆ ಸರಳಿನ ತುದಿಯ ನಾಲಗೆಯನ್ನು ತುಸು ಬಗ್ಗಿಸಿದೆ. ಆ ಕೆಲಸ ಚೆನ್ನಾಗಿಯೇ ಆಯಿತು. ಆಮೇಲೆ ಫ್ಲೋಟ್. ಒಳಗಿದ್ದ ಡೀಸೆಲ್ಲನ್ನು ತೊಟ್ಟು ತೊಟ್ಟಾಗಿ ಇಳಿಸಿ, ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆ. ಅಂಚನ್ನು ಉಜ್ಜಿ, ಆಸಿಡ್ ಸವರಿ, ಇದ್ದಿಲ ಒಲೆಯಲ್ಲಿ ಕಾಯಿಸಿದ ಬೆಸುಗೆಯ ಕೋಲಿನಿಂದ ಸೀಸ ಹರಿಸಿದೆ.

ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಟೊಳ್ಳು ಸಾಮಾನಿಗೆ ಬೆಸುಗೆ ಹಾಕುವ ಕ್ರಮವನ್ನು ಕಿವಿ ಹಿಂಡಿ ಹೇಳಿದ್ದರು. ಕಾದರೆ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಬರಲು ಬೇರೆ ದಾರಿ ಇಲ್ಲದಿದ್ದರೆ ಕರಗಿದ ಸೀಸವನ್ನೇ ತೂರಿಕೊಂಡು ಬರುತ್ತದೆ. ಮೇಲೆ ನುಣ್ಣಗೆ ಹೊಳೆಯುತ್ತಿದ್ದರೂ ನಡುವೆ ಸೂಜಿಮೊನೆಯಷ್ಟು ದಾರಿ ಉಳಿಯುತ್ತದೆ. ಅದಕ್ಕೆ ಮೊದಲು ಬೇರೊಂದು ಕಡೆ ಸಣ್ಣ ತೂತು ಮಾಡಬೇಕು. ಬೆಸುಗೆ ಹಾಕಿ ಪೂರ್ತಿ ಆರಲು ಬಿಡಬೇಕು. ಕೊನೆಗೆ ಆ ತೂತನ್ನು ಒಂದೇ ತೊಟ್ಟಿನಿಂದ ಮುಚ್ಚಬೇಕು. ಆಮೇಲೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಗುಳ್ಳೆ ಬಂದರೆ ಮತ್ತೆ ಮೊದಲಿನಿಂದ.

ಇದೆಲ್ಲ ನನಗೆ ಗೊತ್ತಿತ್ತು. ಆದರೆ ಟೊಮೆಟೊ ಕಾಯುತ್ತಿತ್ತು, ಸಾವ್ಕಾರರು ಸ್ಟೂಲಿನ ಮೇಲಿಂದ ಏಳುತ್ತಿರಲಿಲ್ಲ. ನೇರವಾಗಿ ಬೆಸುಗೆ ಹಾಕಿ, ಬಕೆಟ್ಟಿನ ತಣ್ಣೀರಿನಲ್ಲಿ ತೇಲಿಬಿಟ್ಟೆ. ತೇಲಿತು. ಸಾಕು ಎಂದುಕೊಂಡೆ. ಹಿಂದುಗಡೆ ಕೂತು ಯೂನಿಟ್ಟಿನ ಮುಚ್ಚಳಕ್ಕೆ ಬೆಳ್ಳಿ ಬಣ್ಣ ಹೊಡೆದೆ. ಹೊಸದರ ಬೆಲೆ ತೆಗೆದುಕೊಂಡೆ.

ಎರಡು ವಾರದ ಮೇಲೆ ಡ್ರೈವರು ಒಬ್ಬನೇ ಬಂದ. ಮಾಗಿಯ ಚಳಿ ಶುರುವಾಗಿತ್ತು, ಟವೆಲನ್ನು ಕಿವಿಗೆ ಸುತ್ತಿಕೊಂಡಿದ್ದ. ಸಾವ್ಕಾರರ ಕಣ್ಣು ತನ್ನ ಮೇಲೆ ಬಿದ್ದಿದೆ ಎಂದ. ಸಂಜೆ ಮುಕ್ಕಾಲು ತೋರಿಸುವ ಮುಳ್ಳು ಬೆಳಿಗ್ಗೆ ಅರ್ಧಕ್ಕೆ ಬಂದಿರುತ್ತದಂತೆ. ಉಡಿಗಾಲದಿಂದ ಪೇಟೆಗೆ ಬರುವಷ್ಟಕ್ಕೆ ಅಷ್ಟು ಡೀಸೆಲ್ ಕುಡಿಯುವ ಗಾಡಿ ಅದಲ್ಲ.

"ಇನ್ನೊಂದು ತಮಾಸೆ ಯೋಳ್ತಿನಿ ಕೇಳಣ್ಣ. ಬೆಳಗ್ಗೆ ಇಳ್ದಿರ ಮುಳ್ಳು ಮದ್ಯಾನಕ್ಕ ಗುಂಡ್ಲುಪ್ಯಾಟ ಸೇರೋ ಒತ್ಗ ತಾನಾಗೇ ಮ್ಯಾಕ್ಕ ಏರ್ತದ. ಬಂಕಿನ ಮಕನೂ ನೋಡಿರದಿಲ್ಲ, ಆದ್ರೂ ಏರ್ತದ. ಇದೇನ್ ಮಾಯ?"

ಅವನು ಹೇಳಿ ಮುಗಿಸುವುದರೊಳಗೆ ನನಗೆ ಅರ್ಧ ಅರ್ಥವಾಗಿತ್ತು. ಗಾಡಿ ಓಡುವಾಗ ಎಂಜಿನ್ನಿನಿಂದ ಟ್ಯಾಂಕಿಗೆ ಮರಳುವ ಡೀಸೆಲ್ ಬಿಸಿಯಾಗಿರುತ್ತದೆ. ಫ್ಲೋಟಿನೊಳಗಿನ ಗಾಳಿ ಹಿಗ್ಗಿ ಒಳಗೆ ಸೇರಿದ್ದನ್ನು ಹೊರಗೆ ತಳ್ಳುತ್ತದೆ. ರಾತ್ರಿ ಚಳಿಗೆ ಗಾಳಿ ಕುಗ್ಗಿ ಮತ್ತೆ ಡೀಸೆಲ್ ಎಳೆದುಕೊಳ್ಳುತ್ತದೆ, ಫ್ಲೋಟ್ ಭಾರವಾಗಿ ತಗ್ಗುತ್ತದೆ. ರಾತ್ರಿ ಕುಡಿದು ಹಗಲು ಉಗುಳುವುದು. ಇದು ತೂತಿದ್ದರೆ ಮಾತ್ರ ಸಾಧ್ಯ.

"ಚಳಿಗೆ ಹಾಗಾಗುತ್ತೆ ಕಣಯ್ಯ. ಬೇಸಿಗೆಗೆ ಸರಿ ಹೋಗುತ್ತೆ" ಎಂದೆ.

ಅವನು ನಂಬಿ ಹೋದ. ಅವತ್ತೇ ಟ್ಯಾಂಕ್ ಇಳಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಇಳಿಸಿದರೆ ಬೆಳ್ಳಿ ಬಣ್ಣದ ಅಡಿಯಲ್ಲಿ ಹಳೆಯ ಯೂನಿಟ್ ಇರುವುದನ್ನು ಡ್ರೈವರೇ ಮೊದಲು ನೋಡುತ್ತಿದ್ದ. ಕೊಯಮತ್ತೂರಿನದು ಬರಲಿ ಎಂದು ಕಾಯುತ್ತ ಕೂತೆ.

ಅದು ಬರುವ ಮೊದಲೇ ಒಂದು ಬೆಳಿಗ್ಗೆ ಸಾವ್ಕಾರರು ಟೆಂಪೊವನ್ನೂ ಡ್ರೈವರನ್ನೂ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಜೊತೆಗೆ ಮಂಡಿಯ ಇಬ್ಬರು ಹಮಾಲಿಗಳು. ಪಕ್ಕದ ಟೀ ಅಂಗಡಿಯವನೂ ಲೋಟ ಒರೆಸುತ್ತ ಬಂದು ನಿಂತ.

"ನೋಡಿ ಮೇಸ್ತ್ರಿ, ರಾತ್ರಿ ಮುಕ್ಕಾಲು, ಈಗ ಅರ್ಧ. ನಿಮ್ಮ ಮೀಟ್ರು ಒಸದು. ಅದು ತಪ್ಪೋ ಇವ್ನು ತಪ್ಪೋ, ನಂಗ ಅಷ್ಟು ಯೋಳಿ."

ಡ್ರೈವರ ಮುಖ ಬಿಗಿದುಕೊಂಡಿತ್ತು. "ರಾತ್ರಿ ಕದ್ದು ಮದ್ಯಾನ ವಾಪಸ್ ತುಂಬುಸಕ ನಾನೇನು ಉಚ್ಚನ ಸಾವ್ಕಾರ್ರೆ? ಮದ್ಯಾನ ಬಂದು ನೋಡಿ, ಏರಿರ್ತದ."

"ರಾತ್ರಿ ಗಾಡೀಲಿ ಯಾರ್ಲಾ ಮನಗದು?"

"ನನ್ ತಮ್ಮ. ಕ್ರೇಟು ಯಾರಾದ್ರೂ ಎತ್ಕಂಡೋದಾರು ಅಂತ."

"ಕಾವಲ್ಗ ಒಳ್ಳೇವ್ನ ಮಡಗಿದೀಯ ಬುಡು" ಎಂದರು ಸಾವ್ಕಾರರು. ಹಮಾಲಿಗಳು ನಕ್ಕರು.

ಡ್ರೈವರು ಅವರ ನಗುವನ್ನು ಲೆಕ್ಕಿಸದೆ ನನ್ನ ಕಡೆ ತಿರುಗಿದ. "ಅಣ್ಣ, ಒಂದು ಪೈಪ್ ಕೊಡು. ಟ್ಯಾಂಕಿಗೆ ಬುಟ್ಟು ಎಳ್ದು ಎಲ್ರ ಮುಂದೂ ಕ್ಯಾನಿಗೆ ಅಳ್ದುಬುಡನ. ಅರ್ಧ ಅದಾ, ಮುಕ್ಕಾಲು ಅದಾ, ಗೊತ್ತಾಯ್ತದ."

ಅದು ಸರಿಯಾದ ಮಾತು. ಅದಕ್ಕಿಂತ ಸರಿಯಾದ ಪರೀಕ್ಷೆ ಇರಲಿಲ್ಲ. ಪೈಪು ನನ್ನ ಹಿಂದೆ ಮೊಳೆಗೆ ನೇತುಹಾಕಿತ್ತು. ಆದರೆ ಸಾವ್ಕಾರರು ಅಷ್ಟರಲ್ಲಿ, "ಪೈಪು ಬುಟ್ಟು ಎಳಿಯದು ಚೆನ್ನಾಗಿ ಗೊತ್ತಲ್ಲ ನಿಂಗ. ದಿನಾ ಅಭ್ಯಾಸ ಅಲ್ವ" ಎಂದುಬಿಟ್ಟರು. ಈ ಸಲ ಟೀ ಅಂಗಡಿಯವನೂ ನಕ್ಕ. ಮೊಳೆಯಿಂದ ಪೈಪು ತೆಗೆಯಬೇಕಾಗಿದ್ದ ನಾನು ನಿಂತ ಕಡೆಯೇ ನಿಂತಿದ್ದೆ. ಆ ನಗುವಿನ ಮರೆ ನನಗೆ ಸಾಕಾಯಿತು.

"ಓಗ್ಲಿ, ತಟ್ಟಿ ನೋಡಣ್ಣ. ನಿಂಗೂ ಕಿವಿ ಅದಲ್ಲ" ಎಂದ ಡ್ರೈವರು.

ತಟ್ಟದೆ ಬೇರೆ ದಾರಿ ಇರಲಿಲ್ಲ. ಕೂತೆ. ಮೇಲಿನಿಂದ ಗೆಣ್ಣು ಬಡಿಯುತ್ತ ಬಂದೆ. ಅರ್ಧಕ್ಕಿಂತ ಬಹಳ ಮೇಲೆಯೇ, ಮುಕ್ಕಾಲಿನ ಹತ್ತಿರ, ದಪ್ ಎಂದಿತು. ಸ್ಪಷ್ಟವಾಗಿ ಕೇಳಿಸಿತು. ನನ್ನ ಪಕ್ಕದಲ್ಲೇ ಕೂತಿದ್ದ ಅವನಿಗೂ ಕೇಳಿಸಿತು. ನನ್ನ ಮುಖವನ್ನೇ ನೋಡುತ್ತಿದ್ದ.

"ಏನಂತದ ಮೇಸ್ತ್ರಿ?" ಎಂದರು ಸಾವ್ಕಾರರು.

"ಟ್ಯಾಂಕಿನ ಹೊಟ್ಟೆ ಜಜ್ಜಿ ತೇಪೆ ಬಿದ್ದಿದೆ. ಇಂಥದರ ಸದ್ದು ನಂಬೋ ಹಾಗಿಲ್ಲ" ಎಂದು ಎದ್ದು ಕೈ ಒರೆಸಿಕೊಂಡೆ.

ಡ್ರೈವರು ನನ್ನ ಅಂಗಡಿಯ ಗೋಡೆಯ ಮೇಲಿದ್ದ ಮಾದಪ್ಪನ ಪಟವನ್ನು ತೋರಿಸಿದ. "ಅಂಗಾದ್ರ ಮಾದಪ್ಪನ ಮುಂದ ಕರ್ಪೂರ ಆರಿಸಿ ಯೋಳ್ಬುಡಣ್ಣ, ನಾ ಆಕಿರ ಮೀಟ್ರು ಸುಳ್ಳಾಡಲ್ಲ ಅಂತ. ನೀ ಅಷ್ಟು ಯೋಳುದ್ರ ನಾ ಬೀಗದಕೈ ಮಡಗಿ ಓಯ್ತಿನಿ. ಒಂದು ಮಾತೂ ಆಡಲ್ಲ."

ನಮ್ಮ ಕಡೆ ಇದು ಕೊನೆಯ ಮಾತು. ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಹೇಳಿದ್ದನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ. ಸುಳ್ಳಿಗೆ ಹಾಗೆ ಆಣೆ ಮಾಡುವವನು ಇರಬಹುದು ಎಂದು ಯಾರೂ ಎಣಿಸುವುದೂ ಇಲ್ಲ. ಅವನು ಅದನ್ನು ಕೇಳಿದ್ದು ನನ್ನನ್ನು ಸಿಕ್ಕಿಸಲು ಅಲ್ಲ. ಮಾದಪ್ಪನ ಮುಂದೆ ನಾನು ಸುಳ್ಳು ಹೇಳಲಾರೆ, ಆದ್ದರಿಂದ ತಾನು ಉಳಿಯುತ್ತೇನೆ ಎಂಬ ನಂಬಿಕೆಯಿಂದ ಕೇಳಿದ್ದು.

ಟೀ ಅಂಗಡಿಯವನು ಕರ್ಪೂರ ತಂದು ಕಬ್ಬಿಣದ ತಗಡಿನ ಮೇಲೆ ಹಚ್ಚಿದ. ಅಂಗೈ ಇಟ್ಟೆ. ಹೇಳಿದೆ.

ಅವನು ಬೀಗದ ಕೈಯನ್ನು ನನ್ನ ಕೆಲಸದ ಮೇಜಿನ ಮೇಲಿಟ್ಟ. ಸೀಟಿನ ಹಿಂದಿದ್ದ ತನ್ನ ಟವೆಲು, ಊಟದ ಡಬ್ಬಿ ತೆಗೆದುಕೊಂಡ. ಗುಂಡ್ಲುಪೇಟೆ ರಸ್ತೆಯಲ್ಲಿ ನಡೆಯುತ್ತ ಹೋದ. ಬಸ್ಸಿಗೂ ಕಾಯಲಿಲ್ಲ.

ಹೊಸ ಡ್ರೈವರು ಬಂದ ಕೆಲವೇ ದಿನಗಳಲ್ಲಿ ಬಂಕಿನಲ್ಲಿ ಡೀಸೆಲ್ ರಸ್ತೆಗೆ ಚೆಲ್ಲಿತು. "ಮುಳ್ಳು ಅರ್ಧಕ್ಕೇ ನಿಂತದ, ಉಕ್ಕಿ ನನ್ ಕಾಲ್ ಮ್ಯಾಗೆಲ್ಲ ಸುರೀತು. ಇದೆಂಥ ಮೀಟ್ರಯ್ಯ ನಿಂದು" ಎಂದು ಅವನು ನನ್ನಲ್ಲಿಗೆ ಬಂದು ಕೂಗಾಡಿದ. ಪುಣ್ಯಕ್ಕೆ ಎಂದು ನಾನಾಗ ಅಂದುಕೊಂಡೆ, ಅವನು ಮೊದಲು ಬಂದದ್ದು ಸಾವ್ಕಾರರ ಬಳಿಗಲ್ಲ, ನನ್ನ ಬಳಿಗೆ. ಕೊಯಮತ್ತೂರಿನ ಯೂನಿಟ್ ಮೈಸೂರಿಗೆ ಬಂದಿತ್ತು. ಗಾಡಿಯ ವೈರಿಂಗ್ ನೋಡಬೇಕೆಂದು ಹೇಳಿ ನಿಲ್ಲಿಸಿಕೊಂಡೆ. ಹೊಸ ಡ್ರೈವರನ್ನು ಸಿನಿಮಾಕ್ಕೆ ಕಳಿಸಿ ಒಬ್ಬನೇ ಟ್ಯಾಂಕ್ ಇಳಿಸಿದೆ.

ಹಳೆಯ ಫ್ಲೋಟನ್ನು ಅಲ್ಲಾಡಿಸಿದೆ. ಕುಲುಕುಲು ಎಂದಿತು. ಟೀ ಅಂಗಡಿಯಿಂದ ಬಿಸಿನೀರು ತರಿಸಿ ಮುಳುಗಿಸಿದೆ. ನಾನು ಹಾಕಿದ ಬೆಸುಗೆಯ ಹೊಳೆಯುವ ಗೆರೆಯ ಮೇಲೆ ಒಂದೇ ಒಂದು ಜಾಗದಿಂದ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಗಾಳಿ ಸೀಸವನ್ನು ತೂರಿಕೊಂಡು ಬಂದ ದಾರಿ. ಉಸ್ತಾದರು ಹೇಳಿದ್ದು ಹೇಳಿದ ಹಾಗೆಯೇ ಇತ್ತು.

ಹೊಸ ಯೂನಿಟ್ ಕೂರಿಸಿದ ಮೇಲೆ ಮುಳ್ಳು ರಾತ್ರಿ ಇಳಿಯಲಿಲ್ಲ. ಸಾವ್ಕಾರರು ಮಂಡಿಯಲ್ಲಿ ಕೂತವರಿಗೆಲ್ಲ ಹೇಳಿದರು: "ಕಳ್ಳ ಓದ ನೋಡಿ, ಡೀಸೆಲ್ ಅಲ್ಲೇ ಅದ." ನಾನೂ ಅಲ್ಲಿದ್ದೆ. ಅವರು ತರಿಸಿಕೊಟ್ಟ ಟೀ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ.

ತರಕಾರಿ ಗಾಡಿಗಳ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಡೀಸೆಲ್ ಕಳ್ಳ ಎಂಬ ಹೆಸರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಆಮೇಲೆ ಅವನ ಕೈಗೆ ಯಾರೂ ಗಾಡಿ ಕೊಡಲಿಲ್ಲ.

ಬೇಸಿಗೆ ಕಳೆದು ಮಳೆ ಶುರುವಾದ ಮೇಲೆ ಒಂದು ದಿನ ಫ್ಲೋಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆಗೆ ಹೋದೆ. ಒಳ್ಳೆಯತನ ಉಕ್ಕಿ ಹೋದದ್ದಲ್ಲ. ಅಂಗೈ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೂ ಕೈಯಿಂದ ಕರ್ಪೂರದ ವಾಸನೆ ಬಂದ ಹಾಗಾಗುತ್ತಿತ್ತು.

ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗೆ ಈರುಳ್ಳಿ ತುಂಬುತ್ತಿದ್ದರು. ಅವನು ಮೂಟೆ ಹೊತ್ತು ಹಲಗೆ ಏರುತ್ತಿದ್ದ. ನನ್ನನ್ನು ಕಂಡು ಮೂಟೆ ಇಳಿಸಿ ಬಂದ. ಬಯ್ಯುತ್ತಾನೆ ಎಂದುಕೊಂಡಿದ್ದೆ. ತಲೆಯ ಟವೆಲು ಬಿಚ್ಚಿ ಒಂದು ಮೂಟೆ ಒರೆಸಿ, "ಕೂತ್ಕಳಣ್ಣ" ಎಂದ.

"ನೀನು ಆಣೆ ಮಾಡ್ದ ಮ್ಯಾಲ ನಂಗೇ ಅನ್ಮಾನ ಬಂತು ಕನಣ್ಣ" ಎಂದು ಅವನೇ ಶುರುಮಾಡಿದ. "ಮೇಸ್ತ್ರಿ ಮಾದಪ್ಪನ ಮುಂದ ಸುಳ್ಳಾಡಲ್ಲ. ನಾನೂ ಕದ್ದಿಲ್ಲ. ಅಂಗಾದ್ರ ಯಾರು? ಗಾಡೀಲಿ ಮನಗ್ತಿದ್ದೋನು ನನ್ ತಮ್ಮ ಒಬ್ನೇ. ನಾ ಕೇಳ್ದಿ. ಇಲ್ಲ ಅಂದ. ಇನ್ನೂ ಕೇಳ್ದಿ. ಒಡ್ದುಬುಟ್ಟಿ. ಬೀದೀಲಿ ಆಕ್ಕಂಡು, ಎಲ್ರ ಮುಂದ. ವಯನಾಡಿಗ ಸುಂಟಿ ಕೆಲ್ಸಕ್ಕ ಓಯ್ತಿನಿ ಅಂತ ಲಾರಿ ಅತ್ತಿ ಓದೋನು, ಇನ್ನೂ ಪತ್ತೆ ಇಲ್ಲ."

ನಾನು ಮೂಟೆಯ ಮೇಲೆ ಕೂತಿದ್ದೆ. ಟ್ಯಾಂಕ್ ತಟ್ಟಿದಾಗ ಅವನ ಕಿವಿಗೂ ಆ ಸದ್ದು ಬಿದ್ದಿತ್ತು. ಆದರೂ ತನ್ನ ಕಿವಿಯನ್ನು ಬಿಟ್ಟು ನನ್ನ ಆಣೆಯನ್ನು ನಂಬಿದ್ದ. ಇದನ್ನು ನಾನು ಎಣಿಸಿಯೇ ಇರಲಿಲ್ಲ. ಅವನೊಬ್ಬನ ಕೆಲಸ ಹೋಯಿತು ಎಂದಷ್ಟೇ ಎಣಿಸಿ ಬಂದಿದ್ದೆ.

ಚೀಲದಿಂದ ಫ್ಲೋಟ್ ತೆಗೆದು ಅವನ ಕೈಗೆ ಕೊಟ್ಟೆ. ಹೊಸದೆಂದು ಹಳೆಯದನ್ನು ಹಾಕಿದ್ದು, ಅವಸರದ ಬೆಸುಗೆ, ತಟ್ಟಿದಾಗ ಕೇಳಿದ ಸದ್ದು, ಎಲ್ಲ ಹೇಳಿದೆ. ಅವನು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ನಿಲ್ಲಿಸಿದ. ಮತ್ತೆ ಅಲ್ಲಾಡಿಸಿದ. ಲಾರಿಯ ಮೇಲಿಂದ ಯಾರೋ, "ಬಾರ್ಲಾ, ನೆಂಟ್ರು ಬಂದ್ರ ಕೆಲ್ಸ ನಿಂತೋದದಾ" ಎಂದು ಕೂಗಿದರು. ಅವನು ತಿರುಗಿ ನೋಡಲಿಲ್ಲ.

"ಸುಳ್ಳು ಯೋಳಾಗ ನಾಕು ಜನದ ಮುಂದ ಯೋಳ್ದೆ. ಈಗ ನನ್ ಕಿವೀಲಿ ಯೋಳಕ ಬಂದಿದೀಯ" ಎಂದ. ದನಿ ಏರಿಸಲಿಲ್ಲ. "ಅದೇ ನಾಕು ಜನದ ಮುಂದ ಯೋಳು. ಇದು ನನ್ತಾವೇ ಇರ್ಲಿ. ತಮ್ಮ ಬಂದ್ರ ಅವ್ನಿಗ ಅಲ್ಲಾಡ್ಸಿ ತೋರುಸ್ಬೇಕು."

ಫ್ಲೋಟನ್ನು ಟವೆಲಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆ ಏರಿದ.

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ನಾಲ್ಕು ಜನರ ಮುಂದೆ ಹೇಳುವ ಮೊದಲು ಸಾವ್ಕಾರರಿಗೆ ಒಬ್ಬರಿಗೇ ಹೇಳುವುದು ಮರ್ಯಾದೆ ಎಂದುಕೊಂಡು, ಮಂಡಿ ಖಾಲಿಯಾದ ಹೊತ್ತು ನೋಡಿಕೊಂಡು ಹೋದೆ. ಅವರು ಪೂರ್ತಿ ಕೇಳಿದರು. ತಕ್ಕಡಿಯ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

"ಈಗ ಅದ್ನ ಎತ್ತಿ ಏನ್ ಮಾಡ್ಬೇಕು ಮೇಸ್ತ್ರಿ? ಕಳ್ಳ ಅಂತ ಓಡುಸ್ದೋನು ನಾನು. ನಾಳಿಕ್ಕ ಪ್ಯಾಟೇಲಿ ನನ್ ಮಕ ಏನಾಗದು? ನಿಮ್ಮಂಗಡಿಗಾದ್ರೂ ಯಾರ್ ಬತ್ತರು, ಸುಳ್ಳು ಆಣೆ ಮಾಡ್ದೋನ್ತಾವ? ಆಗಿದ್ದಾಯ್ತು, ಬುಡಿ."

ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆಗಲ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗಾಯಿತು. ಹೇಳಬೇಡಿ ಎಂದವರು ಅವರು, ನಾನಲ್ಲ ಎಂದುಕೊಂಡು ಮನೆಗೆ ಬಂದೆ. ಸುಳ್ಳು ಆಣೆಗಿಂತ ಆ ಸಂಜೆಯ ಹಗುರವನ್ನು ಬರೆಯಲು ನನಗೆ ಹೆಚ್ಚು ನಾಚಿಕೆಯಾಗುತ್ತಿದೆ. ಆಮೇಲೆ ಎಷ್ಟೋ ವರ್ಷ ಗುಂಡ್ಲುಪೇಟೆ ಮಾರ್ಕೆಟ್ಟಿನ ಕಡೆ ಕಾಲಿಡಲಿಲ್ಲ. ಯಾವುದಾದರೂ ಗಾಡಿ ಅಲ್ಲಿ ಕೆಟ್ಟು ನಿಂತಿದೆ ಎಂದರೆ ಬೇರೆಯವರನ್ನು ಕಳಿಸುತ್ತಿದ್ದೆ.

ಅವನೇ ಬಂದ. ಚಾಮರಾಜನಗರ ಜಿಲ್ಲೆಯಾಗಿ ನನ್ನ ಅಂಗಡಿಯ ಮುಂದಿನ ರಸ್ತೆ ಅಗಲ ಮಾಡುತ್ತಿದ್ದ ಕಾಲ. ಮೂಟೆ ಹೊತ್ತು ಹೊತ್ತು ಅವನ ಒಂದು ಹೆಗಲು ಕೆಳಗೆ ಬಿದ್ದಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಫ್ಲೋಟನ್ನು ನನ್ನ ಮೇಜಿನ ಮೇಲೆ, ಹಿಂದೆ ಬೀಗದ ಕೈ ಇಟ್ಟಿದ್ದ ಜಾಗದಲ್ಲೇ ಇಟ್ಟ.

"ಇದ್ರೊಳ್ಗಿನ ಡೀಸೆಲ್ ಆರೋಗದ ಕನಣ್ಣ. ಅಲ್ಲಾಡ್ಸುದ್ರ ಸದ್ದೇ ಇಲ್ಲ. ಇನ್ನು ಅವ್ನು ಬಂದ್ರ ಏನ್ ತೋರುಸ್ಲಿ?"

ಸ್ಟೋವ್ ಹಚ್ಚಿ ನೀರು ಕಾಯಿಸಿದೆ. ಫ್ಲೋಟನ್ನು ಇಕ್ಕಳದಲ್ಲಿ ಹಿಡಿದು ಮುಳುಗಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಬೆಸುಗೆಯ ಗೆರೆಯಿಂದ, ಅದೇ ಜಾಗದಿಂದ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಅವನು ಬಗ್ಗಿ ನೋಡುತ್ತಿದ್ದ. ಗುಳ್ಳೆ ನಿಲ್ಲುವವರೆಗೂ ನೋಡಿದ.

"ಅಂಗಾದ್ರ ಸದ್ದು ಓದ್ರೂ ತೂತು ಓಗಿಲ್ಲ" ಎಂದ. "ನಿನ್ತಾವೇ ಮಡಿಕ. ಅವ್ನು ಬಂದ್ರ ಯೋಳಿ ಕಳುಸ್ತಿನಿ. ನೀರು ಕಾಯ್ಸಿ ನೀನೇ ತೋರ್ಸು. ನಾ ಯೋಳುದ್ರ ನಂಬಲ್ಲ. ನಾ ಒಡ್ದೋನು."

ಅವನು ಹೇಳಿ ಕಳಿಸಲಿಲ್ಲ. ಕಳಿಸುವಂಥದ್ದು ಆಗಲಿಲ್ಲ. ಅವನು ತೀರಿಕೊಂಡಾಗ ಉಡಿಗಾಲಕ್ಕೆ ಹೋಗಿದ್ದೆ. ಅವನ ತಮ್ಮ ಮಣ್ಣಿಗೂ ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಆ ಮನೆಯವರಿಗೂ ಗೊತ್ತಿಲ್ಲ. ಸಾವ್ಕಾರರು ಹೋದರು, ಟೀ ಅಂಗಡಿ ಎತ್ತಿ ಎಷ್ಟೋ ಕಾಲವಾಯಿತು. ಆ ನಾಲ್ಕು ಜನರನ್ನು ಈಗ ಒಟ್ಟು ಸೇರಿಸಲು ನನ್ನಿಂದಾಗದು. ಅದಕ್ಕೆ ಇದನ್ನು ಓದುವವರ ಮುಂದೆ ಹೇಳುತ್ತಿದ್ದೇನೆ. ವಯನಾಡಿನ ಕಡೆ ಉಡಿಗಾಲದವನೊಬ್ಬ ಇದ್ದು, ಅಣ್ಣನ ಕೈಯಲ್ಲಿ ಬೀದಿಯಲ್ಲಿ ಹೊಡೆಸಿಕೊಂಡು ಊರು ಬಿಟ್ಟವನಾಗಿದ್ದರೆ, ದಯವಿಟ್ಟು ಯಾರಾದರೂ ಅವನಿಗೆ ತಿಳಿಸಿ. ಫ್ಲೋಟ್ ನನ್ನ ಹತ್ತಿರ ಇದೆ. ಬಂದರೆ ನೀರು ಕಾಯಿಸಿ ತೋರಿಸುತ್ತೇನೆ.

ಡೀಸೆಲ್ ಯಾರೂ ಕದಿಯಲಿಲ್ಲ. ಅದು ಟ್ಯಾಂಕಿನಲ್ಲೇ ಇತ್ತು.